ಚೆಕ್‌ಲಿಸ್ಟ್‌ನಲ್ಲಿ ಅಂಕ ಚೆನ್ನಾಗಿದೆ, ವಿಡಿಯೊದಲ್ಲಿ ಚಿಕಿತ್ಸೆಯೇ ಬೇರೆ: ಫಿಡೆಲಿಟಿ ಅಳೆಯುವುದು ಹೇಗೆ?

ಪ್ರಶ್ನೆ
ಅಪ್ರಾಕ್ಸಿಯಾ (ಮಾತಿಗೆ ಬೇಕಾದ ಬಾಯಿಯ ಚಲನೆಗಳನ್ನು ಮಿದುಳು ಸರಿಯಾಗಿ ಯೋಜಿಸಲಾಗದ ತೊಂದರೆ) ಇರುವ ಮಕ್ಕಳಿಗೆ ನಾವು ಮೂವರು ಥೆರಪಿಸ್ಟರು ಡಿಟಿಟಿಸಿ (ಡೈನಾಮಿಕ್ ಟೆಂಪೊರಲ್ ಆ್ಯಂಡ್ ಟ್ಯಾಕ್ಟೈಲ್ ಕ್ಯೂಯಿಂಗ್) ಕ್ರಮದಲ್ಲಿ ಚಿಕಿತ್ಸೆ ನೀಡುತ್ತಿದ್ದೇವೆ. ಟ್ರೀಟ್‌ಮೆಂಟ್ ಫಿಡೆಲಿಟಿ, ಅಂದರೆ ಬರೆದಿಟ್ಟ ಕ್ರಮದಂತೆಯೇ ಚಿಕಿತ್ಸೆ ನಡೆದಿದೆಯೇ ಎಂಬುದನ್ನು ತಿಳಿಯಲು ಸೆಷನ್‌ಗಳ ವಿಡಿಯೊ ನೋಡಿ, ಹತ್ತು ಅಂಶಗಳಿಗೆ ‘ಹೌದು’ ಅಥವಾ ‘ಇಲ್ಲ’ ಎಂದು ಗುರುತು ಹಾಕುತ್ತೇವೆ. ಎಲ್ಲರಿಗೂ ಬಹುತೇಕ ಪೂರ್ಣ ಅಂಕ ಬರುತ್ತದೆ. ಆದರೆ ಒಬ್ಬರ ವಿಡಿಯೊ ನೋಡಿದ ಮೇಲೆ ಇನ್ನೊಬ್ಬರದನ್ನು ನೋಡಿದರೆ ಎರಡೂ ಒಂದೇ ಚಿಕಿತ್ಸೆ ಎನ್ನಲು ಮನಸ್ಸು ಒಪ್ಪುವುದಿಲ್ಲ. ನಮ್ಮ ಅಳತೆ ಎಲ್ಲಿ ತಪ್ಪುತ್ತಿದೆ?

ಉತ್ತರ 1
ನಿಮ್ಮ ಚೆಕ್‌ಲಿಸ್ಟ್ ‘ಥೆರಪಿಸ್ಟ್ ಮಗುವಿನ ಜೊತೆಜೊತೆಗೇ ಪದ ಹೇಳಿದರೇ’ ಎಂದು ಕೇಳುತ್ತದೆಯೇ ಹೊರತು, ಆ ಹೊತ್ತಿಗೆ ಹಾಗೆ ಹೇಳಬೇಕಿತ್ತೇ ಎಂದು ಕೇಳುವುದಿಲ್ಲ. ಈಡಿತ್ ಸ್ಟ್ರ್ಯಾಂಡ್ ರೂಪಿಸಿದ ಈ ಕ್ರಮದ ಜೀವಾಳವೇ ಆ ತೀರ್ಮಾನ. ಮಗು ‘ಮನೆ’ ಎನ್ನಲು ಹೋಗಿ ತುಟಿ ಮುಚ್ಚದೆ ‘ಅನೆ’ ಎಂದರೆ, ಮುಂದಿನ ಸಲ ಜೊತೆಯಲ್ಲೇ ನಿಧಾನವಾಗಿ ಹೇಳಿ, ಬೇಕಿದ್ದರೆ ತುಟಿಯನ್ನು ಬೆರಳಿನಿಂದ ಮುಟ್ಟಿ ತೋರಿಸಬೇಕು. ಸರಾಗವಾಗಿ ಹೇಳತೊಡಗಿದ ಮೇಲೆ ಆ ಆಸರೆಯನ್ನು ತೆಗೆದು, ಕೇಳಿ ಹೇಳುವುದಕ್ಕೆ, ಆಮೇಲೆ ತುಸು ತಡೆದು ಹೇಳುವುದಕ್ಕೆ ದಾಟಿಸಬೇಕು. ಆದ್ದರಿಂದ ಇಡೀ ಸೆಷನ್‌ಗೆ ಒಂದು ಗುರುತು ಹಾಕುವ ಬದಲು ಒಂದೊಂದು ಪ್ರಯತ್ನವನ್ನೂ ಬರೆದುಕೊಳ್ಳಿ: ಮಗು ಏನು ಹೇಳಿತು, ಅದರ ಬೆನ್ನಿಗೆ ಥೆರಪಿಸ್ಟ್ ಏನು ಮಾಡಿದರು, ಅದು ಅಲ್ಲಿಗೆ ಸರಿಯಿತ್ತೇ. ಬೇಸರದ ಕೆಲಸ, ನಿಜ. ಹತ್ತು ನಿಮಿಷದ ತುಣುಕಿನಿಂದ ಶುರುಮಾಡಿದರೂ ಸಾಕು.

ಉತ್ತರ 2
ಎಲ್ಲ ಚಿಕಿತ್ಸೆಗೂ ಇಷ್ಟು ಪಾಡು ಬೇಕಿಲ್ಲ. ಅಪ್ರಾಕ್ಸಿಯಾಕ್ಕೇ ಬಳಸುವ ಇನ್ನೊಂದು ಚಿಕಿತ್ಸೆಯಾದ ರೆಸ್ಟ್ (ರ‍್ಯಾಪಿಡ್ ಸಿಲೆಬಲ್ ಟ್ರಾನ್ಸಿಶನ್) ವಿಧಾನದಲ್ಲಿ ಅರ್ಥವಿಲ್ಲದ ಪದಗಳನ್ನು ಒಂದು ಸೆಷನ್‌ಗೆ ಸುಮಾರು 100 ಸಲ ಹೇಳಿಸುತ್ತಾರೆ. ಅಭ್ಯಾಸದ ಹಂತದಲ್ಲಿ ಸುಮಾರು ಅರ್ಧದಷ್ಟು ಪ್ರಯತ್ನಗಳಿಗೆ ಮಾತ್ರ, ಅದೂ ಕೆಲವು ಸೆಕೆಂಡು ಬಿಟ್ಟು, ಸರಿ–ತಪ್ಪು ತಿಳಿಸುತ್ತಾರೆ. ಅಲ್ಲಿ ಎಣಿಸಿದರೆ ಬಹುಪಾಲು ಮುಗಿಯಿತು. ಒಂದು ಎಚ್ಚರಿಕೆ: ಬಾಯಿಂದ ಏನೂ ಹೇಳದ ಥೆರಪಿಸ್ಟ್ ಸಣ್ಣಗೆ ತಲೆಯಾಡಿಸಿದರೂ ಅದು ಫೀಡ್‌ಬ್ಯಾಕೇ. ಬರೀ ಆಡಿಯೊ ಕೇಳಿ ಅಂಕ ಹಾಕುವವರಿಗೆ ಇದು ಗೊತ್ತೇ ಆಗುವುದಿಲ್ಲ. ಪಾರ್ಕಿನ್ಸನ್‌ನಿಂದಾದ ಡಿಸಾರ್ಥ್ರಿಯಾಕ್ಕೆ (ಮಾತಿನ ಸ್ನಾಯುಗಳ ಮೇಲೆ ಹಿಡಿತ ಕುಂದಿ ಮಾತು ಅಸ್ಪಷ್ಟವಾಗುವ ತೊಂದರೆ) ಕೊಡುವ, ಗಟ್ಟಿ ದನಿಯಲ್ಲಿ ಮಾತಾಡಿಸುವ ಚಿಕಿತ್ಸೆಯಾದ ಎಲ್‌ಎಸ್‌ವಿಟಿ ಲೌಡ್‌ನಲ್ಲಿ ವಾರಕ್ಕೆ 4ರಂತೆ 4 ವಾರಗಳಲ್ಲಿ 16 ಸೆಷನ್‌ಗಳು ನಡೆದವೇ ಎಂಬುದರ ಜೊತೆಗೆ, ಮನೆಯ ಅಭ್ಯಾಸ ನಡೆಯಿತೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಉತ್ತರ 3
ಯಾವ ಸೆಷನ್ ನೋಡಬೇಕೆಂದು ಚಿಕಿತ್ಸೆ ಕೊಟ್ಟವರೇ ಆರಿಸುತ್ತಿದ್ದರೆ ಮೊದಲು ಅದನ್ನು ನಿಲ್ಲಿಸಿ. ಮೊದಲ, ನಡುವಿನ ಮತ್ತು ಕೊನೆಯ ವಾರಗಳಿಂದ ಚೀಟಿ ಎತ್ತಿದಂತೆ ಆರಿಸಿ, ಏಕೆಂದರೆ ತರಬೇತಿ ಮುಗಿದ ಹೊಸತರಲ್ಲಿದ್ದ ಬಿಗಿ ದಿನ ಕಳೆದಂತೆ ಸಡಿಲವಾಗುತ್ತದೆ. ಇಬ್ಬರು ಪ್ರತ್ಯೇಕವಾಗಿ ಅಂಕ ಹಾಕಲಿ. ಆದರೆ ಬಹುತೇಕ ಎಲ್ಲಕ್ಕೂ ‘ಹೌದು’ ಎಂದೇ ಬರುವ ಪಟ್ಟಿಯಲ್ಲಿ ಇಬ್ಬರ ಹೊಂದಾಣಿಕೆಯ ಶೇಕಡಾವಾರು ತಾನಾಗಿಯೇ ಮೇಲೇರಿರುತ್ತದೆ. ಅದನ್ನು ನೋಡಿ ಸಮಾಧಾನಪಡಬೇಡಿ.

ಪ್ರಶ್ನೆ ಕೇಳಿದವರು
ನನ್ನದೇ ಸೆಷನ್‌ನ ಒಂದು ತುಣುಕನ್ನು ಮೊದಲ ಉತ್ತರದಲ್ಲಿ ಹೇಳಿದಂತೆ ಬರೆದು ನೋಡಿದೆ. ಮಗು ಪದವನ್ನು ಸರಿಯಾಗಿ ಹೇಳತೊಡಗಿ ಎಷ್ಟೋ ಹೊತ್ತಾಗಿದ್ದರೂ ನಾನು ಜೊತೆಯಲ್ಲಿ ಹೇಳುವುದನ್ನು ಬಿಟ್ಟೇ ಇರಲಿಲ್ಲ. ಹಳೆಯ ಚೆಕ್‌ಲಿಸ್ಟ್‌ನಲ್ಲಿ ಅದೇ ಸೆಷನ್‌ಗೆ ಹತ್ತಕ್ಕೆ ಹತ್ತು ಬಿದ್ದಿದೆ.