ಸಂಬಳದಲ್ಲಿ ಪಿ.ಎಫ್. ಕಡಿತ, ಪಾಸ್‌ಬುಕ್‌ನಲ್ಲಿ ಸೊನ್ನೆ: ಸಂಘ ಮೊದಲಾ, ದೂರು ಮೊದಲಾ?

ಕೇಳಿದವರು, ಹೂಟಗಳ್ಳಿ

ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಕಡೆಯಿಂದ ಕೆಲಸ ಮಾಡುತ್ತಿದ್ದೇನೆ. ಸ್ಲಿಪ್‌ನಲ್ಲಿ ಪಿ.ಎಫ್. ಹಿಡಿದಿದ್ದಾರೆ, ಪಾಸ್‌ಬುಕ್‌ನಲ್ಲಿ ಒಂದು ರೂಪಾಯಿ ಬಂದಿಲ್ಲ. ಕಾರ್ಮಿಕರ ವಿಮೆಯ ಇ.ಎಸ್.ಐ. ನಂಬರೂ ಕೊಟ್ಟಿಲ್ಲ. ಜೊತೆಯ ಹುಡುಗನ ಬೆರಳು ಪ್ರೆಸ್ ಮಷೀನಿಗೆ ಸಿಕ್ಕಿದಾಗ ಖಾಸಗಿ ಆಸ್ಪತ್ರೆಯಲ್ಲಿ ಕಟ್ಟು ಹಾಕಿಸಿ ಮನೆಗೆ ಕಳಿಸಿಬಿಟ್ಟರು. ಸಂಘ ಮಾಡೋಣ ಅಂತ ನಾವು ಕೆಲವರು ಮಾತಾಡಿದ್ದು ಸೂಪರ್‌ವೈಸರ್ ಕಿವಿಗೆ ಬಿದ್ದು, 'ಗೇಟ್ ಬಂದ್ ಆಗುತ್ತೆ ನೋಡ್ಕೊಳ್ಳಿ' ಅಂದಿದ್ದಾರೆ. ಅನುಭವ ಇರುವ ಅಣ್ಣಂದಿರು, ಅಕ್ಕಂದಿರು ದಾರಿ ಹೇಳಿ.

ಮೇಟಗಳ್ಳಿಯಿಂದ, ಸಂಘದ ಕೆಲಸ ಮಾಡಿದವರು

ತಮ್ಮಾ, ಎರಡಕ್ಕೂ ಮೊದಲು ಆ ಹುಡುಗನ ಕೆಲಸ ನೋಡಿ. ಕೆಲಸದ ಜಾಗದಲ್ಲಿ ಪೆಟ್ಟಾದರೆ ಸೇರಿದ ಮೊದಲ ದಿನದಿಂದಲೇ ಇ.ಎಸ್.ಐ. ರಕ್ಷಣೆ ಇದೆ. ಇಷ್ಟು ತಿಂಗಳು ವಂತಿಗೆ ಕಟ್ಟಿರಬೇಕು ಅನ್ನುವ ಷರತ್ತು ಇದಕ್ಕಿಲ್ಲ. ಗಾಯದಿಂದ ಕೆಲಸಕ್ಕೆ ಹೋಗಲಾಗದಷ್ಟು ದಿನ ಸರಾಸರಿ ಕೂಲಿಯ ಶೇ 90ರಷ್ಟು ಬರಬೇಕು. ಬೆರಳಿಗೆ ಶಾಶ್ವತ ಊನ ಆಗಿದ್ದರೆ ವೈದ್ಯಕೀಯ ಮಂಡಳಿ ಅಳೆದು ತಿಂಗಳು ತಿಂಗಳು ಹಣ ಕೊಡಿಸುತ್ತದೆ. ಮಾಲೀಕರು ಹೆಸರು ನೋಂದಾಯಿಸಿಲ್ಲ, ವಂತಿಗೆ ಕಟ್ಟಿಲ್ಲ ಅಂದರೂ ಹುಡುಗನ ಹಕ್ಕು ಹೋಗಲ್ಲ. ಇ.ಎಸ್.ಐ. ನಿಗಮ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲಿ ಮಾಡುತ್ತದೆ.

ಹಾಗಾಗಿ ಖಾಸಗಿ ಆಸ್ಪತ್ರೆಯ ಚೀಟಿ, ಎಕ್ಸ್‌ರೇ, ಬಿಲ್ಲು ಯಾವುದನ್ನೂ ಬಿಸಾಡಬೇಡಿ. ಅಪಘಾತ ಆದ ದಿನ, ಹೊತ್ತು, ಯಾವ ಮಷೀನು, ಯಾರು ಕಂಡರು ಅಂತ ಬರೆದಿಡಿ. ಅಲ್ಲಿದ್ದವರ ಸಹಿ ಹಾಕಿಸಿ, ಇ.ಎಸ್.ಐ. ಶಾಖಾ ಕಚೇರಿಗೆ ಅರ್ಜಿ ಕೊಡಿ. ಕೆ.ಆರ್.ಎಸ್. ರಸ್ತೆಯ ಇ.ಎಸ್.ಐ. ಆಸ್ಪತ್ರೆಗೆ ಹೋಗಿ ತೋರಿಸಿ. 'ಮನೇಲಿ ಬಿದ್ದೆ' ಅಂತ ಬರೆದುಕೊಟ್ಟರೆ ಸಂಬಳ ಕೊಡ್ತೀವಿ ಅಂದರೆ ಒಪ್ಪಲೇಬೇಡಿ. ಆ ಒಂದು ಸಾಲು ಜೀವನ ಪೂರ್ತಿ ಕಾಡುತ್ತದೆ.

ಗುತ್ತಿಗೆದಾರರು ಕಟ್ಟಿಲ್ಲ, ನಮಗೇನು ಅಂತ ಕಾರ್ಖಾನೆಯವರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಪಿ.ಎಫ್. ಆಗಲಿ ಇ.ಎಸ್.ಐ. ಆಗಲಿ, ಗುತ್ತಿಗೆ ಕೆಲಸಗಾರರದ್ದನ್ನೂ ಕಟ್ಟಿಸುವ ಹೊಣೆ ಮೂಲ ಮಾಲೀಕರದ್ದೇ. ಆದ್ದರಿಂದ ದೂರಿನಲ್ಲಿ ಇಬ್ಬರ ಹೆಸರೂ ಇರಲಿ.

ನಂಜನಗೂಡು, ಸಂಬಳದ ಲೆಕ್ಕ ಬರೆಯುವವರು

ಸ್ಲಿಪ್ ಮತ್ತು ಪಾಸ್‌ಬುಕ್ ಪಕ್ಕಪಕ್ಕ ಇಟ್ಟು ನೋಡಿ. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000 ಅಂತಿಟ್ಟುಕೊಳ್ಳಿ. ನಿಮ್ಮ ಪಾಲು ಶೇ 12, ಅಂದರೆ 1,680. ಮಾಲೀಕರೂ ಅಷ್ಟೇ ಹಾಕಬೇಕು. ಅದರಲ್ಲಿ 1,166 ಪಿಂಚಣಿಗೆ, 514 ಪಿ.ಎಫ್.ಗೆ ಹೋಗುತ್ತದೆ. ಪಾಸ್‌ಬುಕ್‌ನಲ್ಲಿ ಪ್ರತಿ ತಿಂಗಳ ಎದುರಿಗೆ ಈ ಮೂರು ಕಾಲಂ ಕಾಣಬೇಕು. ಸ್ಲಿಪ್‌ನ ಕಡಿತದಲ್ಲಿ 3,360 ಅಂತಿದ್ದರೆ ಮಾಲೀಕರ ಪಾಲನ್ನೂ ನಿಮ್ಮ ಕೂಲಿಯಿಂದಲೇ ಕಿತ್ತಿದ್ದಾರೆ ಅಂತ ಅರ್ಥ. ಇದು ಕಾನೂನಿಗೆ ವಿರುದ್ಧ. ನಾನು ಇಂಥ ಸ್ಲಿಪ್ ಕಣ್ಣಾರೆ ಕಂಡಿದ್ದೇನೆ. ಪಾಪ, ಹುಡುಗರು 'ಪಿ.ಎಫ್. ಜಾಸ್ತಿ ಕಟ್ಟಾಗ್ತಿದೆ, ಒಳ್ಳೇದೇ ಅಲ್ವಾ' ಅಂದುಕೊಂಡಿದ್ದರು.

ಇ.ಎಸ್.ಐ.ಗೆ ನಿಮ್ಮಿಂದ ಹಿಡಿಯಬೇಕಾದ್ದು ಶೇ 0.75 ಮಾತ್ರ, ಮಾಲೀಕರದ್ದು ಶೇ 3.25. ಸಂಬಳ ತಿಂಗಳಿಗೆ 21,000ದ ಒಳಗಿರಬೇಕು, ಕೆಲಸಗಾರರು 10 ಜನ ಇರಬೇಕು. ಪಿ.ಎಫ್.ಗೆ 20 ಜನ. ಎರಡನ್ನೂ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ನಿಮ್ಮಿಂದ ಹಿಡಿದುಕೊಂಡು ಕಟ್ಟದೇ ಇರುವುದು ಬರೀ ಬಾಕಿ ಅಲ್ಲ, ನಂಬಿಕೆದ್ರೋಹದ ಅಪರಾಧ.

ದೂರು ಕೊಡಲು ಸಂಘ ಬೇಕಿಲ್ಲ. ಪಿ.ಎಫ್.ನವರ ಕುಂದುಕೊರತೆ ವೆಬ್‌ಸೈಟಿನಲ್ಲಿ ಒಬ್ಬರೇ ಹಾಕಬಹುದು. ಪ್ರತಿ ತಿಂಗಳು 27ಕ್ಕೆ ಜಿಲ್ಲೆಗಳಲ್ಲಿ 'ನಿಧಿ ಆಪ್ಕೆ ನಿಕಟ್' ಶಿಬಿರ ಇರುತ್ತದೆ, ಅಲ್ಲಿ ಅಧಿಕಾರಿಯ ಕೈಗೇ ಕಾಗದ ಕೊಡಬಹುದು.

ಮದ್ದೂರಿನಿಂದ, ಗಾರ್ಮೆಂಟ್ಸ್

ನಾವು ಬಸ್ಸಿನಲ್ಲಿ ಹೋಗಿಬರುವಾಗಲೇ ಒಬ್ಬರ ಪಾಸ್‌ಬುಕ್ ಒಬ್ಬರು ನೋಡುತ್ತೇವೆ. ಒಬ್ಬಳದು ಬಂದಿಲ್ಲ ಅಂದರೆ ಎಲ್ಲರದೂ ತೆಗೆಸುತ್ತೇವೆ. ಆಧಾರ್‌ನಲ್ಲಿ ಹೆಸರು ಒಂಥರ, ಪಿ.ಎಫ್.ನಲ್ಲಿ ಇನ್ನೊಂಥರ ಇದ್ದರೆ ಈಗಲೇ ಸರಿ ಮಾಡಿಸಿ. ಹಳೇ ಕಂಪನಿಯವರು ಬಿಟ್ಟ ದಿನಾಂಕ ಹಾಕದಿದ್ದರೆ, ಕೊನೆಯ ವಂತಿಗೆಯಾಗಿ ಎರಡು ತಿಂಗಳ ಮೇಲೆ ನೀವೇ ಆನ್‌ಲೈನಿನಲ್ಲಿ ಹಾಕಿಕೊಳ್ಳಬಹುದು.

ನಮ್ಮ ದುಡ್ಡಿನ ವಿಚಾರಕ್ಕೆ ಹೆದರಬಾರದು ಕಣಪ್ಪ. ಪಿ.ಎಫ್. ತೆಗೆಯಲು ಕೇಂದ್ರ ಹೊಸ ಕಟ್ಟುಪಾಡು ತಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗಿಳಿದರು. ಸರ್ಕಾರ ಆ ಆದೇಶವನ್ನೇ ವಾಪಸ್ ತೆಗೆದುಕೊಂಡಿತು.

ಮತ್ತೆ ಮೇಟಗಳ್ಳಿಯಿಂದ

ಅಕ್ಕ ಹೇಳಿದ್ದು ಸರಿ. ಆದರೆ ಈಗ ಒಂದು ವಿಷಯ ನೆನಪಿಡಿ. 2025ರ ನವೆಂಬರ್ 21ರಿಂದ ಹಳೇ ಕಾರ್ಮಿಕ ಕಾನೂನುಗಳ ಜಾಗಕ್ಕೆ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮುಷ್ಕರ ಅಂದರೆ 14 ದಿನ ಮುಂಚೆ ನೋಟಿಸ್ ಬೇಕು. ಅರ್ಧಕ್ಕರ್ಧ ಜನ ಒಂದೇ ದಿನ ರಜೆ ಹಾಕಿದರೂ ಮುಷ್ಕರ ಅಂತಲೇ ಲೆಕ್ಕ. ಸಿಟ್ಟಿನಲ್ಲಿ ಎಲ್ಲರೂ ಒಟ್ಟಿಗೆ ಹೊರಗೆ ಬಂದರೆ ಮಾಲೀಕರಿಗೇ ಅನುಕೂಲ.

ಸಂಘದ ನೋಂದಣಿಗೆ ಏಳು ಜನ ಅರ್ಜಿ ಹಾಕಬಹುದು. ಜೊತೆಗೆ ಅಲ್ಲಿ ಕೆಲಸ ಮಾಡುವವರಲ್ಲಿ ಶೇ 10 ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ನಿಮ್ಮಲ್ಲಿ 140 ಜನ ಇದ್ದರೆ 14 ಸಾಕು. ಸಂಘ ಸೇರಿದ್ದಕ್ಕೆ ಕೆಲಸದಿಂದ ತೆಗೆಯುವುದು, ಹೆದರಿಸುವುದು ಎರಡೂ ಕಾನೂನಿನಲ್ಲಿ ನಿಷೇಧ. ಸೂಪರ್‌ವೈಸರ್ ಆಡಿದ ಮಾತೇ ಆ ಪಟ್ಟಿಗೆ ಬರುತ್ತದೆ. ತಾರೀಖು ಹಾಕಿ ಬರೆದಿಡಿ.

ನನ್ನ ಅಭಿಪ್ರಾಯ ಕೇಳಿದರೆ ದೂರೇ ಮೊದಲು, ಆದರೆ ಒಬ್ಬನೇ ಸಹಿ ಹಾಕಬೇಡ. ಏಳೆಂಟು ಜನ ಒಂದೇ ಕಾಗದಕ್ಕೆ ಸಹಿ ಹಾಕಿ. ಪಿ.ಎಫ್. ಕಚೇರಿಗೆ, ಇ.ಎಸ್.ಐ.ಗೆ, ಕಾರ್ಮಿಕ ಇಲಾಖೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಆ ಸಹಿ ಹಾಕಿದವರೇ ನಾಳೆ ಸಂಘದ ಅರ್ಜಿಗೂ ನಿಲ್ಲುತ್ತಾರೆ. ಯಾರು ಕೊನೇ ಗಳಿಗೇಲಿ ಹಿಂದೆ ಸರಿಯುತ್ತಾರೆ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ.

ಕೆಲಸದಿಂದ ತೆಗೆದೇಬಿಟ್ಟರೆ ರಾಜೀನಾಮೆಗೆ ಸಹಿ ಹಾಕಬೇಡಿ, ಖಾಲಿ ಹಾಳೆಗಂತೂ ಬೇಡವೇ ಬೇಡ. ಮಾರನೇ ದಿನ ಶಿಫ್ಟ್ ಹೊತ್ತಿಗೆ ಗೇಟಿಗೆ ಹೋಗಿ, ಒಳಗೆ ಬಿಡಲಿಲ್ಲ ಅಂತ ಅವತ್ತೇ ಕಾಗದ ಹಾಕಿ. ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನಕ್ಕೆ ಒಬ್ಬರೇ ಹೋಗಬಹುದು. 45 ದಿನದಲ್ಲಿ ಇತ್ಯರ್ಥ ಆಗದಿದ್ದರೆ ನೇರ ನ್ಯಾಯಮಂಡಳಿಗೆ ಹೋಗಬಹುದು. ತೆಗೆದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು, ಅಷ್ಟೇ.

ಕೇಳಿದವರು

ಅಣ್ಣ, ನಮಗೆ ನೇಮಕಾತಿ ಪತ್ರವೇ ಕೊಟ್ಟಿಲ್ಲ. ಅಲ್ಲೇ ಕೆಲಸ ಮಾಡ್ತಿದ್ದೀವಿ ಅಂತ ತೋರಿಸೋದು ಹೇಗೆ?

ನಂಜನಗೂಡು

ಪತ್ರ ಕೊಡುವುದು ಈಗ ಕಡ್ಡಾಯ, ಅದನ್ನೂ ದೂರಿನಲ್ಲಿ ಸೇರಿಸಿ. ಸಾಕ್ಷಿಗೆ ಸಂಬಳ ಜಮಾ ಆದ ಬ್ಯಾಂಕ್ ಪುಟ, ಗೇಟ್ ಪಾಸ್, ಶಿಫ್ಟ್ ಹಾಕಿದ ವಾಟ್ಸಾಪ್ ಮೆಸೇಜ್, ಓವರ್‌ಟೈಮ್ ಚೀಟಿ ಎಲ್ಲ ನಡೆಯುತ್ತದೆ. ಇವತ್ತೇ ಫೋಟೊ ತೆಗೆದು ಮನೆಯವರ ಫೋನಿಗೂ ಕಳಿಸಿಡಿ.