ಟ್ರೈಪಾಡ್ ಇಡಲು ಜಾಗವಿಲ್ಲದಲ್ಲಿ ಕ್ಯಾಮೆರಾ ಅಲುಗದಂತೆ ಹಿಡಿಯಲು ಏನುಂಟು?

ಕುಂಬಳೆ ಲೋಕಲ್:
ಕ್ಯಾಮೆರಾ ಕ್ಯಾನನ್ 1500ಡಿ, ಲೆನ್ಸ್ 55-250 ಐಎಸ್ ಎಸ್‌ಟಿಎಂ (ಐಎಸ್ ಎಂದರೆ ಕೈನಡುಕ ತಡೆಯುವ ವ್ಯವಸ್ಥೆ). ಹೆಚ್ಚಾಗಿ ರಾತ್ರಿಯ ಬಯಲಾಟ, ಆಗೊಮ್ಮೆ ಈಗೊಮ್ಮೆ ಬೇಕಲ ಕೋಟೆಯ ಸಂಜೆ. ಆಟದಲ್ಲಿ ಟ್ರೈಪಾಡ್ ಬಿಚ್ಚಿದರೆ ಹಿಂದೆ ಕೂತವರು ಬಿಡುವುದಿಲ್ಲ. ಕೋಟೆ ಪುರಾತತ್ವ ಇಲಾಖೆಯದ್ದು, ಅಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. 200 ಮಿ.ಮೀ.ನಲ್ಲಿ ಶಟರ್ 1/60 ಸೆಕೆಂಡ್ ಇಟ್ಟರೆ ಹೆಚ್ಚಿನವು ಮಸುಕು. ಕಿಸೆಗೆ ಹಾಕಿಕೊಂಡು ಹೋಗುವಂಥ ಸಾಧನ ಏನಾದರೂ ಉಂಟಾ? ಕ್ಯಾಮೆರಾದ ತಳದ ಟ್ರೈಪಾಡ್ ತೂತಿಗೆ ಬೋಲ್ಟ್ ಹಾಕಿ, ಅದಕ್ಕೆ ಹಗ್ಗ ಕಟ್ಟಿ ಕಾಲಡಿ ಮೆಟ್ಟುವ ಉಪಾಯ ಕೇಳಿದ್ದೇನೆ. ಬೋಲ್ಟ್ ಯಾವ ಅಳತೆಯದ್ದು?

ಮುರಕಲ್ಲು:
ಕಾಲು ಇಂಚು, ಇಂಚಿಗೆ 20 ಎಳೆ (ಸ್ಕ್ರೂವಿನ ಥ್ರೆಡ್). ಅಂಗಡಿಯಲ್ಲಿ ಬರೀ "ಆರರ ಬೋಲ್ಟ್" ಎಂದು ಕೇಳಬೇಡಿ, ಎಂ6 ಕೊಟ್ಟುಬಿಡುತ್ತಾರೆ. ಅದರ ದಪ್ಪ 6 ಮಿ.ಮೀ., ಕಾಲು ಇಂಚು ಎಂದರೆ 6.35. ಎಳೆಯ ಅಂತರವೂ ಬೇರೆ. ಎರಡು ಸುತ್ತು ಹೋಗಿ ಲೊಡಲೊಡ ಎನ್ನುತ್ತದೆ, ಒತ್ತಾಯಿಸಿದರೆ ಕ್ಯಾಮೆರಾದ ಎಳೆಯೇ ಹಾಳು. ಇನ್ನೊಂದು, ಬೋಲ್ಟ್ ಒಳಗೆ ನಾಲ್ಕೂವರೆ ಮಿ.ಮೀ. ಹೋದರೆ ಸಾಕು. ಉದ್ದದ್ದನ್ನು ಕೊನೆತನಕ ತಿರುಗಿಸಿದರೆ ತಳ ಒಡೆಯಬಹುದು. ಹಾಗಾಗಿ ಮೊದಲು ಒಂದು ನಟ್ ಹಾಕಿ, ಮೇಲೆ ರಬ್ಬರ್ ವಾಷರ್ ಕೂರಿಸಿ, ಆಳ ಅಲ್ಲಿಗೇ ನಿಲ್ಲುವಂತೆ ಮಾಡಿಕೊಳ್ಳಿ.

ನಿಜ ಹೇಳಬೇಕೆಂದರೆ ಬೋಲ್ಟೇ ಬೇಡ. ನಿಮ್ಮ ಟ್ರೈಪಾಡಿನ ಮೇಲೆ ಕ್ಯಾಮೆರಾ ಕೂರಿಸುವ ಪ್ಲೇಟ್ ಇರುತ್ತದಲ್ಲ, ಅದರ ಸ್ಕ್ರೂವಿಗೆ ಮಡಚುವ ಬಳೆ ಇದ್ದರೆ ಹಗ್ಗ ಅದರೊಳಗೇ ತೂರಿಸಿ. ಅಳತೆಯ ತಲೆನೋವೇ ಇಲ್ಲ.

ಹಗ್ಗ 3 ಮಿ.ಮೀ. ಪಾಲಿಯೆಸ್ಟರ್ ಅಥವಾ ಹತ್ತಿಯದ್ದು. ನೈಲಾನ್ ಬೇಡ, ಅದು ಹಿಗ್ಗುತ್ತದೆ, ಹಿಗ್ಗುವ ಹಗ್ಗದಲ್ಲಿ ಕ್ಯಾಮೆರಾ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಒಂದೇ ಎಳೆ ಇಳಿಬಿಟ್ಟು ಒಂದು ಕಾಲಲ್ಲಿ ಮೆಟ್ಟಿದರೆ ಮೇಲೆ ಕೆಳಗಿನ ನಡುಕ ಮಾತ್ರ ನಿಲ್ಲುತ್ತದೆ. ಸುಮಾರು ಮೂರೂವರೆ ಮೀಟರ್ ಹಗ್ಗದ ಎರಡೂ ತುದಿ ಗಂಟು ಹಾಕಿ ಬಳೆಯಾಗಿಸಿ, ಎರಡೂ ಪಾದ ಅಗಲಿಸಿ ಮೆಟ್ಟಿ. ತ್ರಿಕೋನ ಆದಾಗ ಎಡಬಲದ ವಾಲಾಟವೂ ಕಡಿಮೆ. ಹಿಂದೆ ಮುಂದೆ ತೂಗುವುದಕ್ಕೆ ಹಗ್ಗದಲ್ಲಿ ಮದ್ದಿಲ್ಲ, ಬೆನ್ನು ಕಂಬಕ್ಕೋ ಗೋಡೆಗೋ ಕೊಡಿ. ಎಳೆಯುವಾಗ ಹಗ್ಗ ಬಿಗಿಯಾದರೆ ಸಾಕು. ಜಗ್ಗಾಡಿದರೆ ತೋಳೇ ನಡುಗಲು ಶುರುವಾಗುತ್ತದೆ, 1500ಡಿಯ ತಳ ಪ್ಲಾಸ್ಟಿಕ್ ಎಂಬುದೂ ನೆನಪಿರಲಿ.

ಚೌಕಿ ಬಾಗಿಲು:
ಹಗ್ಗದ ಮಾತು ಸರಿ, ಆದರೆ ಆಟಕ್ಕೆ ಅದು ಅರ್ಧ ಉತ್ತರ. ಹಗ್ಗ ಹಿಡಿಯುವುದು ನಿಮ್ಮ ಕೈಯ ನಡುಕವನ್ನು, ವೇಷದ ಕುಣಿತವನ್ನಲ್ಲ.

ಲೆಕ್ಕ ನೋಡಿ. 200 ಮಿ.ಮೀ.ಯನ್ನು ಕ್ಯಾನನ್‌ನ ಸಣ್ಣ ಸೆನ್ಸರಿನ 1.6ರಿಂದ ಗುಣಿಸಿದರೆ 320. ಬರಿಗೈಯಲ್ಲಿ 1/320 ಬೇಕು. ಆ ಲೆನ್ಸಿನ ಐಎಸ್ ಮೂರೂವರೆ ಸ್ಟಾಪ್ ಎಂದು ಕಂಪೆನಿ ಹೇಳುತ್ತದೆ (ಒಂದೊಂದು ಸ್ಟಾಪಿಗೆ ಶಟರ್ ಸಮಯ ಇಮ್ಮಡಿ), ಅಂದರೆ ಕಾಗದದ ಮೇಲೆ 1/30 ಸಾಕು. ಹಾಗಿರುವಾಗ 1/60ರಲ್ಲಿ ಮಸುಕು ಬರುತ್ತಿದ್ದರೆ ಮೊದಲು ಯಾವುದು ಮಸುಕು ಎಂದು ನೋಡಿ. ರಂಗಸ್ಥಳದ ಕಂಬ, ಹಿಂದಿನ ಪರದೆ ಚೂಪಾಗಿದ್ದು ವೇಷ ಮಾತ್ರ ಕಲಸಿದ್ದರೆ ಕೈಯದ್ದು ತಪ್ಪಲ್ಲ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈಯದ್ದೇ.

ಭಾಗವತರಿಗೆ, ಕೂತು ಅರ್ಥ ಹೇಳುವ ವೇಷಕ್ಕೆ 1/60 ನಡೆಯುತ್ತದೆ, ಅಲ್ಲಿ ಹಗ್ಗ ಚಿನ್ನ. ಪ್ರವೇಶದ ಕುಣಿತಕ್ಕೆ 1/250ಕ್ಕಿಂತ ಇಳಿಯಬೇಡಿ, ಧಿಗಿಣಕ್ಕೆ (ಗಿರಕಿಯ ಜಿಗಿತ) 1/500. ನಿಮ್ಮ ಲೆನ್ಸ್ 200ರಲ್ಲಿ ತೆರೆಯುವುದೇ ಎಫ್5.6, ಅದರಲ್ಲಿ ಅಷ್ಟು ಬೆಳಕು ಸಿಗದು, ಐಎಸ್‌ಒ (ಸೆನ್ಸರಿನ ಸಂವೇದನೆ) 6400ಕ್ಕೆ ಏರಿಸಿದರೂ ಕಷ್ಟ. 50 ಮಿ.ಮೀ. ಎಫ್1.8 ಲೆನ್ಸ್ ಹಾಕಿ ಎಫ್2ರಲ್ಲಿಟ್ಟರೆ ಮೂರು ಸ್ಟಾಪ್ ಲಾಭ, 1/30 ಇದ್ದದ್ದು ಸುಮಾರು 1/250 ಆಗುತ್ತದೆ. ಅದರಲ್ಲಿ ಐಎಸ್ ಇಲ್ಲ, ಮುಂದಿನ ಸಾಲಲ್ಲೂ ಕೂರಬೇಕು. ಅದೊಂದು ಬೇರೆ ಪಂಚಾಯ್ತಿಕೆ.

ಕುಂಬಳೆ ಲೋಕಲ್:
ಪರದೆಯೂ ಮಸುಕೇ ಮಾರಾಯ್ರೆ, ಅಂದರೆ ಕೈಯದ್ದು. ಕುರ್ಚಿಯಲ್ಲಿ ಕೂತು ತೆಗೆಯುವಾಗ ಮೂರೂವರೆ ಮೀಟರ್ ಹಗ್ಗ ಏನು ಮಾಡುವುದು? ಕೋಟೆಗೂ ಇದೇ ಸಾಕಾ?

ಮುರಕಲ್ಲು:
ಬಳೆಯ ನಡುವೆ ಗೇಣಿಗೊಂದು ಗಂಟು ಹಾಕಿ, ಕೂತಾಗ ಮೇಲಿನ ಗಂಟನ್ನು ಮೆಟ್ಟಿ. ಇಲ್ಲವೇ ಚಪ್ಪಲಿಗೆ ಒಂದು ಸುತ್ತು ಹಾಕಿ ಗಿಡ್ಡ ಮಾಡಿಕೊಳ್ಳಿ. ಮೊಣಕೈ ಹೊಟ್ಟೆಗೆ ತಾಗಿರಲಿ. ಐಎಸ್ ಆನ್ ಇರಲಿ, ಹಗ್ಗ ಟ್ರೈಪಾಡ್ ಅಲ್ಲ. ಬಟನ್ ಅರ್ಧ ಒತ್ತಿ ಒಂದು ಸೆಕೆಂಡ್ ಕಾದರೆ ಕಿಂಡಿಯೊಳಗೆ ಚಿತ್ರ ತೂಗುವುದು ನಿಲ್ಲುತ್ತದೆ, ಆಮೇಲೆ ಪೂರ್ತಿ ಒತ್ತಿ. ಬಿಡದೆ ಮೂರು ನಾಲ್ಕು ಹೊಡೆಯಿರಿ. ಬೆರಳು ಒತ್ತುವ ಏಟು ಮೊದಲನೆಯದ್ದಕ್ಕೆ ಬೀಳುತ್ತದೆ, ಚೂಪಾದದ್ದು ಹೆಚ್ಚಾಗಿ ನಡುವಿನದ್ದು.

ಪಯಸ್ವಿನಿ ದಡ:
ಕೋಟೆಗೆ ಹಗ್ಗ ಸಾಲದು, ಅಲ್ಲಿ ಶಟರ್ ಅರ್ಧ, ಒಂದು ಸೆಕೆಂಡ್ ತೆರೆದಿಡುವ ಮಾತು. ಕ್ಯಾಮೆರಾದಡಿ ಇಡಲು ಚೀಲ ಬೇಕು. ಹಳೆ ಜೀನ್ಸಿನ ಕಾಲು 20 ಸೆಂ.ಮೀ. ಕತ್ತರಿಸಿ ಒಂದು ಬಾಯಿ ಹೊಲಿಯಿರಿ, ಇನ್ನೊಂದಕ್ಕೆ ಜಿಪ್. ಮೂರರಲ್ಲಿ ಎರಡು ಪಾಲು ಮಾತ್ರ ತುಂಬಿ, ಅಕ್ಕಿಯಾದರೆ ಸುಮಾರು ಮುಕ್ಕಾಲು ಕಿಲೋ. ಬಿಮ್ಮನೆ ತುಂಬಿದರೆ ಕ್ಯಾಮೆರಾ ಉರುಳುತ್ತದೆ, ಸಡಿಲವಿದ್ದರೆ ಲೆನ್ಸ್ ಹುದುಗುತ್ತದೆ. ನಮ್ಮ ಮಳೆಗಾಲಕ್ಕೆ ಅಕ್ಕಿಗೆ ಗುಗ್ಗುರು ಹುಳ ಬೀಳುತ್ತದೆ, ಹುಣಸೆ ಬೀಜ ಬಾಳಿಕೆ. ಚೀಲ ಖಾಲಿ ಒಯ್ದು ಅಲ್ಲೇ ಅಂಗಡಿಯಲ್ಲಿ ಅಕ್ಕಿ ಕೊಂಡು ತುಂಬಿದರೂ ಆದೀತು, ಬರುವಾಗ ಗಂಜಿಗೆ.

ಕೋಟೆಯ ಮುರಕಲ್ಲು ದೊರಗು, ಕ್ಯಾಮೆರಾ ನೇರ ಇಟ್ಟರೆ ಗೀರು ಬೀಳುತ್ತದೆ. ಚೀಲದ ಮೇಲಿಟ್ಟು ಐಎಸ್ ಆಫ್ ಮಾಡಿ, ಲೈವ್ ವ್ಯೂ (ಹಿಂದಿನ ಸ್ಕ್ರೀನಿನಲ್ಲಿ ನೋಡುವುದು) ಹಾಕಿ, 2 ಸೆಕೆಂಡ್ ಟೈಮರ್ ಕೊಟ್ಟು ಕೈ ತೆಗೆಯಿರಿ. ಸಮುದ್ರದ ಗಾಳಿಗೆ ಪಟಪಟ ಬಡಿಯುವ ಕುತ್ತಿಗೆ ಪಟ್ಟಿಯೇ ಫೋಟೋ ಕೆಡಿಸುತ್ತದೆ, ಅದನ್ನು ಸುತ್ತಿ ಚೀಲದಡಿ ತುರುಕಿ. ಕೈಗೆ ಸಿಕ್ಕಿಸಿಕೊಳ್ಳುವ ಸಣ್ಣ ದಾರವೊಂದು ಇರಲಿ, ಗೋಡೆಯಾಚೆ ಬಿದ್ದರೆ ಹೆಕ್ಕಲು ಸಿಗುವುದಿಲ್ಲ.