ಹಳೇಮನೆ ಬಳಗದಲ್ಲಿ ಒಂದು ಪ್ಯಾಕೆಟ್

ರಾತ್ರಿ ಒಂಬತ್ತಕ್ಕೆ ದೊಡ್ಡಪ್ಪ ಮನೆಯವರ ವಾಟ್ಸ್‌ಆಪ್ ಗುಂಪಿಗೆ ಒಂದು ಫಾರ್ವರ್ಡ್ ಹಾಕಿದರು. ಅದರ ನೆತ್ತಿಯ ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಅಂತ ಇತ್ತು. ಅದನ್ನು ಯಾರು ನೋಡುತ್ತಾರೆ?

“ತುರ್ತು! ಸಿಸ್ಕೊ ಕಂಪನಿಯ ರೂಟರ್, ನೆಟ್‌ವರ್ಕ್ ಸ್ವಿಚ್‌ಗಳಲ್ಲಿ ದೊಡ್ಡ ತೂತು. ಒಂದೇ ಒಂದು ಪ್ಯಾಕೆಟ್ ಬಂದರೆ ರೂಟರ್ ಸತ್ತ ಹಾಗೆ. ಇವತ್ತು ರಾತ್ರಿ 12ರಿಂದ 3ರವರೆಗೆ ಮನೆ ವೈಫೈ ಆರಿಸಿಡಿ. ಹತ್ತು ಜನಕ್ಕೆ ಕಳಿಸಿ.”

ದೊಡ್ಡಪ್ಪ: ನಾನು ಯಾವಾಗಿಂದ ಹೇಳುತ್ತಿದ್ದೇನೆ. ರಾತ್ರಿಯೆಲ್ಲ ಮೊಬೈಲು ತಿಕ್ಕುತ್ತಾ ಕೂತರೆ ಇದೇ ಆಗುವುದು.

ಪುಟ್ಟ: ದೊಡ್ಡಪ್ಪ, ಇದರ ಮೂಲ ಯಾವುದು?

ಸಾಗರದ ಚಿಕ್ಕಪ್ಪ: ಋಷಿಮೂಲ, ನದಿಮೂಲ ಕೇಳಬಾರದು ಮಗಾ. ದೊಡ್ಡಪ್ಪನ ಫಾರ್ವರ್ಡ್ ಮೂಲವನ್ನಂತೂ ಕೇಳಲೇಬಾರದು.

ದೊಡ್ಡಪ್ಪ: ನೀನು ಸುಮ್ನಿರು. ಮಗನಿಗೆ ನೀನೇ ಸದರ ಕೊಟ್ಟದ್ದು.

ಪುಟ್ಟ ಬೆಂಗಳೂರಿನಲ್ಲಿ ನೆಟ್‌ವರ್ಕ್ ಕೆಲಸದಲ್ಲಿದ್ದಾನೆ. ಗುಂಪಿನಲ್ಲಿ ಈ ವಿಷಯ ಗೊತ್ತಿರುವವರು ಇಬ್ಬರೇ, ಅವನು ಮತ್ತು ಅಮೆರಿಕದಲ್ಲಿರುವ ಡಲ್ಲಾಸ್ ಭಾವ. ಅವನು ಉದ್ದಕ್ಕೆ ಬರೆದ.

ಪುಟ್ಟ: ಅರ್ಧ ನಿಜ. 2025ರ ಸೆಪ್ಟೆಂಬರ್ 24ಕ್ಕೆ ಸಿಸ್ಕೊದವರೇ ಹೇಳಿದ್ದು. ಅವರ ಐಒಎಸ್, ಐಒಎಸ್ ಎಕ್ಸ್‌ಇ ಸಾಫ್ಟ್‌ವೇರ್‌ನ ಎಸ್‌ಎನ್‌ಎಂಪಿ ಭಾಗದಲ್ಲಿ ದೋಷ. ಆ ದೋಷಕ್ಕೆ ಕೊಟ್ಟ ನಂಬರು ಸಿವಿಇ-2025-20352. ಎಸ್‌ಎನ್‌ಎಂಪಿ ಅಂದರೆ ರೂಟರ್‌ಗಳನ್ನು ‘ಹೇಗಿದ್ದೀಯಪ್ಪಾ’ ಅಂತ ದೂರದಿಂದಲೇ ವಿಚಾರಿಸುವ ದಾರಿ. ಹಾಗೆ ಕೇಳುವುದಕ್ಕೆ ಒಂದು ಗುಟ್ಟಿನ ಪದ ಬೇಕು. ಅದು ಗೊತ್ತಿದ್ದವನು ಬೇಕೆಂತಲೇ ಕೆಡಿಸಿದ ಪ್ಯಾಕೆಟ್, ಅಂದರೆ ನೆಟ್‌ನಲ್ಲಿ ಓಡಾಡುವ ಮಾಹಿತಿಯ ತುಣುಕು, ಕಳಿಸಿದರೆ ರೂಟರ್ ರೀಲೋಡ್ ಆಗುತ್ತದೆ, ಅಂದರೆ ಆರಿ ಮತ್ತೆ ಶುರುವಾಗುತ್ತದೆ. ಅಷ್ಟು ಹೊತ್ತು ಅದರ ಹಿಂದಿರುವವರಿಗೆಲ್ಲ ನೆಟ್ ಇಲ್ಲ. ಇದನ್ನು ಬಳಸಿ ದಾಳಿ ನಡೆದದ್ದೂ ನಿಜ. ಸರಿಪಡಿಸಿದ ಸಾಫ್ಟ್‌ವೇರ್ ಹಾಕುವುದೇ ಪರಿಹಾರ. 12ರಿಂದ 3, ಹತ್ತು ಜನ, ಇದೆಲ್ಲ ಯಾರೋ ಸೇರಿಸಿದ್ದು. ನಿಮ್ಮ ಮನೆಯ ಡಬ್ಬಿಯಲ್ಲಿ ಐಒಎಸ್ ಇಲ್ಲವೇ ಇಲ್ಲ.

ತೀರ್ಥಹಳ್ಳಿ ಅತ್ತೆ: ಐಒಎಸ್ ಚಿನ್ನಿಯ ಐಫೋನಿನಲ್ಲಿದೆ ಅಲ್ವಾ? ಅವಳದನ್ನೂ ಆರಿಸಬೇಕಾ?

ಪುಟ್ಟ: ಅದು ಬೇರೆ ಅತ್ತೆ. ಹೆಸರು ಮೊದಲಿನಿಂದ ಸಿಸ್ಕೊದ್ದು. 2010ರಲ್ಲಿ ಆಪಲ್‌ನವರು ಅನುಮತಿ ತಗೊಂಡು ಇಟ್ಟುಕೊಂಡರು.

ದೊಡ್ಡಪ್ಪ: ನೋಡಿ, ಹೆಸರಿಗೂ ಅನುಮತಿ ಕೇಳುತ್ತಾರೆ. ನಮ್ಮ ಗೃಹಪ್ರವೇಶದ ದಿನ ಅಡುಗೆಯವರ ಹುಡುಗರೆಲ್ಲ ನನ್ನ ವೈಫೈಯಲ್ಲಿ ಕ್ರಿಕೆಟ್ ನೋಡಿದರು. ಯಾರು ಪಾಸ್‌ವರ್ಡ್ ಕೊಟ್ಟರೋ!

ಅತ್ತೆ: ನನಗೇ ಹೇಳುತ್ತಿದ್ದೀಯ ಅಂತ ಗೊತ್ತು ಅಣ್ಣಾ. ಒಂದರಿಂದ ಎಂಟರವರೆಗೆ ಅಂಕಿ ಬರೆದಿಟ್ಟದ್ದಕ್ಕೆ ಪಾಸ್‌ವರ್ಡ್ ಅನ್ನುತ್ತಾರಾ?

ಪುಟ್ಟ: ಅದೇ ನಾನು ಹೇಳುವುದು! ಎಷ್ಟೋ ಕಡೆ ಆ ಗುಟ್ಟಿನ ಪದವೂ ‘ಪಬ್ಲಿಕ್’ ಅಂತಲೇ ಇರುತ್ತದೆ.

ಪಾಪ, ಇದಕ್ಕೆ ಯಾರೂ ಒಂದು ಹೆಬ್ಬೆರಳೂ ಒತ್ತಲಿಲ್ಲ. ಅಷ್ಟರಲ್ಲಿ ಡಲ್ಲಾಸ್ ಭಾವನಿಗೆ ಬೆಳಗಾಗಿತ್ತು.

ಡಲ್ಲಾಸ್ ಭಾವ: ಇದೇನು ಮಹಾ! 2003ರ ಜುಲೈ ನೆನಪಿದೆಯಾ? ನೆಟ್‌ವರ್ಕಿನವರು ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಅದೂ ಐಒಎಸ್ ದೋಷವೇ. ಪ್ರೋಟೋಕಾಲ್ 53, 55, 77, 103. ಇಂಥ ಪ್ಯಾಕೆಟ್ ರೂಟರ್ ವಿಳಾಸಕ್ಕೇ ಬಂದರೆ ಅದು ಕ್ಯೂನಲ್ಲಿ ಕೂತುಬಿಡುತ್ತಿತ್ತು, ಏಳುತ್ತಲೇ ಇರಲಿಲ್ಲ. ಕ್ಯೂನಲ್ಲಿ ಜಾಗ ಇದ್ದದ್ದು 75ಕ್ಕೆ. ಪರದೆಯ ಮೇಲೆ 76/75 ಅಂತ ಕಂಡರೆ ಕಥೆ ಮುಗೀತು.

ಚಿಕ್ಕಪ್ಪ: ಕನ್ನಡದಲ್ಲಿ ಹೇಳಿ ಅಳಿಯಂದಿರೇ.

ಭಾವ: ಪಂಕ್ತಿಯಲ್ಲಿ 75 ಎಲೆ ಹಾಕಿದ್ದಾರೆ. ಕೂತವರು ಉಣ್ಣುವುದೂ ಇಲ್ಲ, ಏಳುವುದೂ ಇಲ್ಲ. ಹೊರಗೆ ಹಸಿದವರು ನಿಂತೇ ಇದ್ದಾರೆ. ರೂಟರ್ ಸಾಯುವುದಿಲ್ಲ, ಅಲಾರಂ ಇಲ್ಲ, ದೀಪ ಉರಿಯುತ್ತಲೇ ಇರುತ್ತದೆ. ಒಳಗೆ ಮಾತ್ರ ಏನೂ ಹೋಗುವುದಿಲ್ಲ. ಕೈಯಾರೆ ರೀಲೋಡ್ ಮಾಡಿಯೇ ಎಬ್ಬಿಸಬೇಕು.

ಇಷ್ಟು ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಆದರೆ ಪಂಕ್ತಿಯ ಸುದ್ದಿ ಎತ್ತಬಾರದಿತ್ತು.

ಅತ್ತೆ: ಪಂಕ್ತಿ ಅಂದಿರಿ, ನೆನಪಾಯಿತು. ನಿಮ್ಮ ಮದುವೆಯಲ್ಲಿ ನಮ್ಮನ್ನು ಮೂರನೇ ಪಂಕ್ತಿಗೆ ಕೂರಿಸಿದರು. ಹೋಳಿಗೆ ಮುಗಿದಿತ್ತು.

ದೊಡ್ಡಪ್ಪ: ಮುಗಿದಿರಲಿಲ್ಲ. ನೀನು ಬಂದದ್ದೇ ಎರಡೂವರೆಗೆ.

ಅತ್ತೆ: ಬಸ್ಸು ಕೆಟ್ಟಿತ್ತು.

ಚಿಕ್ಕಪ್ಪ: ಹೋದ ಸಲ ಟೈರ್ ಪಂಕ್ಚರ್ ಅಂದಿದ್ದೆ.

ದೊಡ್ಡಪ್ಪ: ನಾಲ್ಕು ಹೋಳಿಗೆ ಪ್ಯಾಕೆಟ್ ಕಟ್ಟಿಸಿ ಇವನ ಕೈಯಲ್ಲೇ ಕಳಿಸಿದ್ದೆನಲ್ಲ!

ಚಿಕ್ಕಪ್ಪ ‘ಟೈಪ್ ಮಾಡುತ್ತಿದ್ದಾರೆ’ ಅಂತ ಬಂತು. ನಿಂತಿತು. ಮತ್ತೆ ಬಂತು. ಆಮೇಲೆ ಕೈಮುಗಿದ ಚಿತ್ರ, ಜೊತೆಗೆ “ಶುಭರಾತ್ರಿ”.

ಪುಟ್ಟ: ಯಾರಾದರೂ ಮೇಲೆ ನಾನು ಬರೆದದ್ದು ಓದಿದಿರಾ?

ಬೆಳಿಗ್ಗೆ ಆರೂಕಾಲಿಗೆ ಮೊದಲ ಸಂದೇಶ.

ದೊಡ್ಡಪ್ಪ: ರಾತ್ರಿ ಆರಿಸಿದ್ದ ವೈಫೈ ಈಗ ಹಾಕಿದೆ. ಕೆಂಪು ದೀಪ ಹೋಗುತ್ತಲೇ ಇಲ್ಲ. ಪುಟ್ಟಾ, ಆ ಪ್ಯಾಕೆಟ್ ಬಂದಿರಬಹುದಾ?

ಅತ್ತೆ: ಬಂದಿದ್ದರೂ ತಮ್ಮನ ಮನೆಗೆ ಹೋಗಿರುತ್ತದೆ, ಅಲ್ಲಿ ವಿಚಾರಿಸು.